ಗೋಲಗುಮ್ಮಟದ ಆಟಕ್ಕೆ ಮೂರು ಡೀಬಗರ್

ವಿಜಯಪುರದ ಗೋಲಗುಮ್ಮಟದೊಳಗೆ ನಡೆಯುವ ಒಂದು ಟೆಕ್ಸ್ಟ್ ಅಡ್ವೆಂಚರ್, ಅಂದರೆ ಓದುತ್ತಾ ಆಜ್ಞೆ ಟೈಪ್ ಮಾಡಿ ಇಲ್ಲವೇ ಲಿಂಕ್ ಒತ್ತಿ ಆಡುವ ಆಟ, ಬರೆಯುತ್ತಿದ್ದೇನೆ. ಅದರ ಒಂದೊಂದು ತುಂಡನ್ನು ಇಂಥ ಆಟ ಕಟ್ಟುವ ಸಾಧನಗಳಾದ ಇನ್‌ಫಾರ್ಮ್ 7, ಟ್ಯಾಡ್ಸ್ 3, ಟ್ವೈನ್ ಮೂರರಲ್ಲೂ ಕಟ್ಟಿ ನೋಡಿದೆ. ಬಗ್ ಹುಡುಕಲು ಯಾವುದು ಜಾಸ್ತಿ ನೆರವಾಗುತ್ತದೆ ಅನ್ನೋದಷ್ಟೇ ಇಲ್ಲಿಯ ಮಾತು.

ತಲೆ ತಿಂದದ್ದು ಪಿಸುಮಾತಿನ ಗ್ಯಾಲರಿ. ಈ ಬದಿಯಲ್ಲಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳಬೇಕು, ಅಲ್ವಾ? ಆಟದಲ್ಲಿ ಅವು ಎರಡು ಬೇರೆ ಬೇರೆ ಕೋಣೆ, ಕಾವಲುಗಾರ ಇರೋದು ಎದುರು ಬದಿಯಲ್ಲಿ. ಆಡಿ ನೋಡಿದ ತಂಗಿಯ ಮಗ ಹೇಳಿದ: "ಮಾಮಾ, ಕಾವಲುಗಾರ ಅಲ್ಲೇ ಅದಾನ, ಆದ್ರ ಆಟ ಇಲ್ಲ ಅನ್ನಾಕತ್ತೈತಿ."

ಇನ್‌ಫಾರ್ಮ್‌ನಲ್ಲಿ ಆಟ ಆಡುತ್ತಲೇ 'ಆಕ್ಷನ್ಸ್' ಅಂತ ಟೈಪ್ ಮಾಡಿದರೆ, ಅಲ್ಲಿಂದ ಮುಂದೆ ಪ್ರತಿ ಆಜ್ಞೆ ಯಾವ ಕ್ರಿಯೆಯಾಯಿತು ಎಂದು ತೋರಿಸುತ್ತದೆ. ಕಾವಲುಗಾರನನ್ನು ಮಾತಾಡಿಸಿದಾಗ ಅದು ತುಟಿ ಬಿಚ್ಚಲಿಲ್ಲ. ಸುಳಿವು ಸಿಕ್ಕಿದ್ದೇ ಅಲ್ಲಿ. ಆಜ್ಞೆ ಇನ್ನೂ ಕ್ರಿಯೆಯೇ ಆಗಿಲ್ಲ, ಪಾರ್ಸರ್‌ನಲ್ಲೇ, ಅಂದರೆ ಟೈಪ್ ಮಾಡಿದ್ದನ್ನು ಅರ್ಥ ಮಾಡಿಕೊಳ್ಳುವ ಭಾಗದಲ್ಲೇ, ಸಿಕ್ಕಿಕೊಂಡಿದೆ. ಮುಂದೆ 'ಸ್ಕೋಪ್' ಕೊಟ್ಟೆ. ಆಟಗಾರನ ಅಳವಿನಲ್ಲಿರುವ ವಸ್ತುಗಳ ಪಟ್ಟಿ ಬಂತು, ಕಾವಲುಗಾರ ಅದರಲ್ಲಿ ಇರಲಿಲ್ಲ. ಅವನನ್ನು ಸ್ಕೋಪ್‌ಗೆ ಸೇರಿಸುವ ಒಂದು ಸಣ್ಣ ನಿಯಮ ಬರೆದೆ, ಮುಗೀತು.

ಗುಮ್ಮಟದ ಮೂಲೆಗೋಪುರ ಏಳು ಅಂತಸ್ತು. ಪ್ರತಿ ಸಲ ಹತ್ತಿ ಬರೋದು ಯಾರಿಗೆ ಬೇಕು? ಇನ್‌ಫಾರ್ಮ್‌ನ 'ಗೋನಿಯರ್' ಆಜ್ಞೆ ಬೇಕಾದ ವಸ್ತುವಿನ ಪಕ್ಕಕ್ಕೆ ಒಯ್ಯುತ್ತದೆ, 'ಪರ್ಲಾಯ್ನ್' ಎಲ್ಲಿದ್ದ ಲಾಟೀನನ್ನಾದರೂ ಕೈಗೆ ತಂದು ಕೊಡುತ್ತದೆ. ಇನ್‌ಫಾರ್ಮ್‌ನಲ್ಲಿರುವ ಸ್ಕೀನ್ ಅನ್ನೋದು ನೀವು ಕೊಟ್ಟ ಆಜ್ಞೆಗಳನ್ನೆಲ್ಲ ಕವಲು ಕವಲಾಗಿ ಇಟ್ಟುಕೊಂಡಿರುತ್ತದೆ. ಕೋಡ್ ಬದಲಿಸಿ ಅದರ ಒಂದು ಗಂಟಿನ (ಅಂದರೆ ಒಂದು ಆಜ್ಞೆಯ) ಮೇಲೆ ಒತ್ತಿದರೆ ಅಲ್ಲಿಯವರೆಗೂ ತಾನೇ ಆಡಿಕೊಂಡು ಬರುತ್ತದೆ. ನನಗಂತೂ ಇದನ್ನು ಬಿಡಲಾಗದು.

ಟ್ಯಾಡ್ಸ್ 3ರಲ್ಲಿ ಆಟ ಕಟ್ಟಿ ಪರೀಕ್ಷಿಸುವ ತಂತ್ರಾಂಶವಾದ ವರ್ಕ್‌ಬೆಂಚ್ ಪಕ್ಕಾ ಪ್ರೋಗ್ರಾಮರ್‌ಗಳ ಸಾಮಾನು. ಕೋಡ್ ಸಾಲಿಗೆ ಬ್ರೇಕ್‌ಪಾಯಿಂಟ್ ಹಾಕಿ, ಆಟ ನಿಲ್ಲಿಸಿ, ಹೆಜ್ಜೆ ಹೆಜ್ಜೆಯಾಗಿ ನಡೆಸಬಹುದು, ವೇರಿಯಬಲ್ ಬದಲಾಗೋದನ್ನು ಕಣ್ಣಾರೆ ನೋಡಬಹುದು. ಲೆಕ್ಕಾಚಾರ ಜಾಸ್ತಿ ಇರುವ ಒಗಟಿಗೆ ಇನ್‌ಫಾರ್ಮ್‌ಗಿಂತ ಇದೇ ವಾಸಿ. ಆದರೆ ಎರಡು ಹೆಜ್ಜೆ ಇಟ್ಟರೆ ಲೈಬ್ರರಿಯ (ಟ್ಯಾಡ್ಸ್ ಜೊತೆಗೇ ಬರುವ ಸಿದ್ಧ ಕೋಡ್) ಒಳಗೆ ಇಳಿದು ದಾರಿ ತಪ್ಪುತ್ತದೆ. ವಿಂಡೋಸ್ ಬಿಟ್ಟು ಬೇರೆಡೆ ವರ್ಕ್‌ಬೆಂಚ್ ಇಲ್ಲ. ಅಂದಹಾಗೆ, ಇದರ ಲೈಬ್ರರಿಯಲ್ಲಿ ನೋಟ ಬೇರೆ, ಶಬ್ದ ಬೇರೆ. ಹಾಗಾಗಿ ಪಿಸುಮಾತಿನ ಕೋಣೆಗೆ ಹೇಳಿ ಮಾಡಿಸಿದಂತಿದೆ.

ಟ್ವೈನ್‌ನಲ್ಲಿ ಪಾರ್ಸರೇ ಇಲ್ಲ, ಬರೀ ಲಿಂಕ್. ಇಂಥ ಬಗ್ ಹುಟ್ಟೋದೇ ಇಲ್ಲ. ಕನ್ನಡದಲ್ಲಿ ಓದಿ ಆಡುವ ಆಟಕ್ಕೆ ಸದ್ಯ ನಾನು ಆರಿಸೋದು ಇದನ್ನೇ. ಇನ್‌ಫಾರ್ಮ್‌ನಲ್ಲಿ ಬೇರೆ ಭಾಷೆಯ ಎಕ್ಸ್‌ಟೆನ್ಶನ್ ಸೇರಿಸದಿದ್ದರೆ, ಕಥೆ ಯಾವ ಊರಿನದಾದರೂ ಆಜ್ಞೆ ಮಾತ್ರ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಟ್ವೈನ್‌ನಲ್ಲಿ ಶುಗರ್‌ಕ್ಯೂಬ್ ಅನ್ನೋ ಸ್ಟೋರಿ ಫಾರ್ಮ್ಯಾಟ್ (ಆಟವನ್ನು ನಡೆಸುವ ಕೋಡ್) ಇಟ್ಟುಕೊಂಡು ಟೆಸ್ಟ್ ಒತ್ತಿದರೆ ಡೀಬಗ್ ಪಟ್ಟಿ ಬರುತ್ತದೆ. ಲಾಟೀನು ಹೊತ್ತಿದೆಯೋ ಇಲ್ಲವೋ ಅಂತ ಅದರಲ್ಲೇ ಕಣ್ಣಿಡಬಹುದು. ನಡುವಿನ ಪುಟದಿಂದ ಟೆಸ್ಟ್ ಶುರು ಮಾಡುವಾಗ ಮಾತ್ರ ಹುಷಾರು: ಹಿಂದಿನ ಪುಟಗಳಲ್ಲಿ ಹೊತ್ತಿಸಬೇಕಿದ್ದ ಲಾಟೀನು ಹೊತ್ತಿರುವುದಿಲ್ಲ, ಇಲ್ಲದ ಬಗ್ಗನ್ನು ಹುಡುಕುತ್ತಾ ಸುಮ್ನೆ ಕೂರಬೇಕಾಗುತ್ತದೆ.