ಪ್ರಬಂಧದ ಹೋಂವರ್ಕಿಗೆ ಗೈಡು, ವೆಬ್‌ಪುಟ, ಚಾಟ್‌ಬಾಟ್: ಮಕ್ಕಳ ಕೈಗೆ ಯಾವುದನ್ನು ಕೊಡಬಹುದು?

‘ಗ್ರಂಥಾಲಯಗಳ ಮಹತ್ವ’ದ ಬಗ್ಗೆ ಒಂದೂವರೆ ಪುಟ ಬರೆದುಕೊಂಡು ಬನ್ನಿ ಎಂದು ಕನ್ನಡ ಮೇಷ್ಟ್ರು ಹೇಳಿ ಕಳಿಸಿದರೆ, ಹೈಸ್ಕೂಲು ಮಕ್ಕಳ ಮುಂದೆ ಮೂರು ಅಡ್ಡದಾರಿಗಳು ತೆರೆದಿರುತ್ತವೆ. ಪುಸ್ತಕದಂಗಡಿಯಲ್ಲಿ ಸಿಗುವ ಪ್ರಬಂಧದ ಗೈಡು, ಗೂಗಲ್‌ನಲ್ಲಿ ಹುಡುಕಿದರೆ ಸಾಲುಸಾಲಾಗಿ ಬರುವ ಪ್ರಬಂಧದ ಪುಟಗಳು, ಮತ್ತು ಅಪ್ಪ-ಅಮ್ಮನ ಫೋನಿನಲ್ಲಿರುವ ಚಾಟ್‌ಬಾಟ್. ಈ ಮೂರನ್ನೂ ಇದೊಂದೇ ವಿಷಯ ಇಟ್ಟುಕೊಂಡು ಒರೆಗೆ ಹಚ್ಚಿ ನೋಡೋಣ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಪ್ರಬಂಧ ಬರೆಸಿಕೊಳ್ಳುವುದಕ್ಕೆ ಮೂರೂ ಬೇಡ. ಆದರೆ ಬರೆಯುವ ಮುಂಚೆ ಮತ್ತು ಬರೆದಾದ ಮೇಲೆ ಇವುಗಳಲ್ಲಿ ಎರಡರಿಂದ ನಿಜಕ್ಕೂ ಉಪಯೋಗವಿದೆ.

ಭಾಷೆಯ ಮಟ್ಟಿಗೆ ಗೈಡೇ ಮೇಲು. ಪಾಠ ಮಾಡಿ ಪಳಗಿದವರು ಬರೆದದ್ದಾದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಮೂರೂ ಪರೀಕ್ಷೆಯ ಅಳತೆಗೆ ಸರಿಯಾಗಿ ಇರುತ್ತವೆ, ವಾಕ್ಯಗಳೂ ಕನ್ನಡದ ವಾಕ್ಯಗಳಾಗಿಯೇ ಇರುತ್ತವೆ. ಇದರ ದೋಷ ಹಳಸಲು ಮಾಹಿತಿ. ವರ್ಷ ವರ್ಷ ಹೊದಿಕೆ ಮಾತ್ರ ಬದಲಾಗಿ ಒಳಗಿನ ಪುಟಗಳು ಹಾಗೇ ಅಚ್ಚಾಗುವ ಪುಸ್ತಕಗಳಿವೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮೂರು ಕಡೆ ತೆರೆದು ನೋಡಿ. ಜನಸಂಖ್ಯೆಯ ಪ್ರಬಂಧದಲ್ಲಿ 2011ರ ಜನಗಣತಿಯ 121 ಕೋಟಿ ಇದೆಯೋ, 2001ರ 102 ಕೋಟಿಯೇ ಉಳಿದಿದೆಯೋ? ಕರ್ನಾಟಕದ ಪ್ರಬಂಧದಲ್ಲಿ ಜಿಲ್ಲೆಗಳು 31 ಇವೆಯೋ, 2021ರಲ್ಲಿ ವಿಜಯನಗರ ಸೇರುವ ಮುಂಚಿನ ಲೆಕ್ಕವೋ? 2015ರಲ್ಲೇ ನೀತಿ ಆಯೋಗ ಬಂದಿದ್ದರೂ ಯೋಜನಾ ಆಯೋಗ ಇನ್ನೂ ಕೆಲಸ ಮಾಡುತ್ತಿದೆ ಎಂದು ಬರೆದಿದೆಯೋ? ಇದರಲ್ಲಿ ಎರಡು ತಪ್ಪು ಕಂಡರೆ ಪುಸ್ತಕ ಕೆಳಗಿಡಿ. ಇನ್ನೊಂದು ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಊರಿನಲ್ಲಿರುವುದು ಎರಡು ಪುಸ್ತಕದಂಗಡಿ, ಗೈಡೂ ಒಂದೋ ಎರಡೋ. ಅರ್ಧ ತರಗತಿ ಒಂದೇ ಪೀಠಿಕೆ ಬರೆದುಕೊಂಡು ಬಂದಿರುತ್ತದೆ, ಮೇಷ್ಟ್ರು ಮೂರನೇ ನೋಟ್‌ಬುಕ್ಕಿಗೇ ಪತ್ತೆ ಹಚ್ಚುತ್ತಾರೆ.

ವೆಬ್‌ಪುಟಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಬಹಳಷ್ಟು ಪುಟಗಳು ಒಂದರಿಂದ ಇನ್ನೊಂದು ಎತ್ತಿಕೊಂಡವು. ಕೆಲವು ಇಂಗ್ಲಿಷ್ ಅಥವಾ ಹಿಂದಿಯಿಂದ ಯಂತ್ರಾನುವಾದವಾಗಿ ಬಂದವು. ಹುಡುಕಾಟದಲ್ಲಿ ಮೇಲೆ ಬರಲಿ ಎಂದು ‘ಗ್ರಂಥಾಲಯದ ಮಹತ್ವ ಪ್ರಬಂಧ’ ಎಂಬ ಮಾತನ್ನೇ ಪ್ಯಾರಾಕ್ಕೊಮ್ಮೆ ತುರುಕಿರುತ್ತಾರೆ, ಮಕ್ಕಳು ಅದನ್ನೂ ಸೇರಿಸಿ ನಕಲು ಮಾಡುತ್ತಾರೆ. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಮಾಡಿದ ಪಿಡಿಎಫ್ ಸಿಕ್ಕರೆ ಕಾಪಿ ಮಾಡಿದ ಅಕ್ಷರಗಳು ಇಂಗ್ಲಿಷ್ ಲಿಪಿಯ ಗೋಜಲಾಗಿ ಬೀಳುತ್ತವೆ, ಯೂನಿಕೋಡ್‌ಗೆ ಪರಿವರ್ತಿಸದೆ ಓದಲಾಗದು. ಮೂರರಲ್ಲಿ ಕೊನೆಯ ಸ್ಥಾನ ಇದಕ್ಕೇ.

ಈಗ ಚಾಟ್‌ಬಾಟ್. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂತು. ಗೂಗಲ್‌ನ ಜೆಮಿನಿ ಆಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗಲೇ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳನ್ನು ತಂದಿತು. ಎರಡೂ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುತ್ತವೆ, ಉಚಿತ ಬಳಕೆಯಲ್ಲೇ ಈ ಕೆಲಸ ಆಗುತ್ತದೆ. ಒಂದೂವರೆ ಪುಟ ಕೆಲವೇ ಸೆಕೆಂಡುಗಳಲ್ಲಿ ತೆರೆಯ ಮೇಲೆ ಬರುವುದು ಸುಳ್ಳಲ್ಲ. ಬಂದದ್ದು ಎಂಥದ್ದು ಎನ್ನುವುದು ಬೇರೆ ಪ್ರಶ್ನೆ.

ಬರಿಯ ವಿಷಯ ಕೊಟ್ಟು ಪ್ರಬಂಧ ಕೇಳಿದರೆ ‘ಗ್ರಂಥಾಲಯಗಳು ಮಾನವನ ಜೀವನದಲ್ಲಿ ಮಹತ್ವದ ಪಾತ್ರವನ್ನು ವಹಿಸುತ್ತವೆ’ ಎಂಬ ಧಾಟಿಯಲ್ಲಿ ಶುರುವಾಗುತ್ತದೆ. ಮುಂದೆ ದಪ್ಪಕ್ಷರದ ಉಪಶೀರ್ಷಿಕೆಗಳು, ಒಂದೊಂದರ ಕೆಳಗೂ ಒಂದೇ ಉದ್ದದ ಮೂರು ವಾಕ್ಯ, ಕೊನೆಗೆ ‘ಒಟ್ಟಾರೆಯಾಗಿ ಹೇಳುವುದಾದರೆ’. ವ್ಯಾಕರಣದಲ್ಲಿ ದೊಡ್ಡ ತಪ್ಪು ಸಿಗದೇ ಇರಬಹುದು. ಆದರೆ ಯಾವ ಊರಿನ ಗ್ರಂಥಾಲಯ, ಯಾರು ಬರುತ್ತಾರೆ, ಅಲ್ಲಿ ಏನಿದೆ ಎಂಬ ಒಂದೇ ಒಂದು ಸಂಗತಿ ಅದರಲ್ಲಿರುವುದಿಲ್ಲ. ‘ಗ್ರಂಥಾಲಯ’ ತೆಗೆದು ‘ಕ್ರೀಡೆ’ ಎಂದು ಹಾಕಿದರೂ ಮುಕ್ಕಾಲು ಪಾಲು ವಾಕ್ಯಗಳು ಹಾಗೇ ನಿಲ್ಲುತ್ತವೆ. ನಿಮ್ಮ ಮಗು ತಂದ ಪ್ರಬಂಧವನ್ನು ಹೀಗೆ ಪದ ಬದಲಿಸಿ ಓದಿ ನೋಡಿ, ಕ್ಷಣದಲ್ಲಿ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಉಲ್ಲೇಖಗಳದ್ದು. ಪ್ರಬಂಧದಲ್ಲಿ ಒಂದು ವಚನವೋ ಸರ್ವಜ್ಞನ ತ್ರಿಪದಿಯೋ ಇದ್ದರೆ ಮೇಷ್ಟ್ರಿಗೆ ಖುಷಿ ಎಂದು ಮಕ್ಕಳಿಗೆ ಗೊತ್ತು. ಅದಕ್ಕೇ ‘ಒಂದು ವಚನ ಸೇರಿಸು’ ಎಂದು ಕೇಳುತ್ತಾರೆ. ಚಾಟ್‌ಬಾಟ್ ಇಲ್ಲ ಎನ್ನದೆ ವಚನದ ಹಾಗೆ ಕೇಳಿಸುವ ನಾಲ್ಕು ಸಾಲು ಹೊಸೆದು, ಕೊನೆಗೆ ಕೂಡಲಸಂಗಮದೇವ ಎಂದು ಅಂಕಿತ ಹಾಕಿ ಕೊಟ್ಟುಬಿಡಬಹುದು. ಕೆಲವೊಮ್ಮೆ ಅಕ್ಕಮಹಾದೇವಿಯ ಹೆಸರು ಹೇಳಿ ಚೆನ್ನಮಲ್ಲಿಕಾರ್ಜುನನ ಬದಲು ಬೇರೆ ಅಂಕಿತ ಇರುತ್ತದೆ. ಸರ್ವಜ್ಞನ ಹೆಸರಿನಲ್ಲಿ ಬಂದದ್ದನ್ನು ಪ್ರಸ್ತಾರ ಹಾಕಿ, ಎಂದರೆ ಲಘು-ಗುರು ಗುರುತಿಸಿ ಗಣಗಳಾಗಿ ಬಿಡಿಸಿ ನೋಡಿ. ತ್ರಿಪದಿಗೆ ಮೂರು ಸಾಲು, ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಯಂತ್ರ ಹೊಸೆದದ್ದು ಇಲ್ಲಿ ಮುಗ್ಗರಿಸುವುದೇ ಹೆಚ್ಚು, ಆದಿಪ್ರಾಸವೂ ತಪ್ಪಿರುತ್ತದೆ. ವಚನವಾದರೆ ಪರೀಕ್ಷಿಸುವುದು ಇನ್ನೂ ಸುಲಭ: ‘ವಚನ ಸಂಚಯ’ ಜಾಲತಾಣದಲ್ಲಿ ಒಂದೆರಡು ಪದ ಟೈಪ್ ಮಾಡಿ ಹುಡುಕಿ. ಅಲ್ಲಿ ಸಿಗದ ವಚನವನ್ನು ಪ್ರಬಂಧದಲ್ಲಿ ಹಾಕಬೇಡಿ. ಬಸವಣ್ಣನವರು ಹೇಳದೇ ಇದ್ದ ಮಾತು ಅವರ ಹೆಸರಿನಲ್ಲಿ ಒಂದು ನೋಟ್‌ಬುಕ್ಕಿನಿಂದ ಭಾಷಣ ಸ್ಪರ್ಧೆಗೆ, ಅಲ್ಲಿಂದ ವಾಟ್ಸಾಪಿಗೆ ಹೋದರೆ ಅದನ್ನು ಹಿಂದಕ್ಕೆ ತರುವುದು ಆಗದ ಕೆಲಸ. ನಮಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಇದರ ಬಗ್ಗೆಯೇ.

ಹೀಗೇಕೆ ಆಗುತ್ತದೆ? ಈ ಯಂತ್ರಗಳು ಪುಸ್ತಕ ತೆರೆದು ನೋಡಿ ಬರೆಯುವುದಿಲ್ಲ. ಓದಿದ ಪಠ್ಯದ ಆಧಾರದ ಮೇಲೆ ಮುಂದೆ ಯಾವ ತುಣುಕು ಬರಬಹುದು ಎಂದು ಊಹಿಸುತ್ತಾ ಹೋಗುತ್ತವೆ. ಇಂಗ್ಲಿಷಿಗೆ ಹೋಲಿಸಿದರೆ ಅವು ಓದಿರುವ ಕನ್ನಡ ತೀರಾ ಕಡಿಮೆ. ಅದರಲ್ಲೂ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ (ಕಂಪ್ಯೂಟರಿನ ಸಂಗ್ರಹದ ಅಳತೆ) ಸಾಕಾದರೆ ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. ಒಂದು ಒತ್ತಕ್ಷರ ಹಲವು ತುಣುಕುಗಳಾಗಿ ಒಡೆಯುತ್ತದೆ. ಎರಡು ವಾಕ್ಯಗಳಲ್ಲಿ ಒಂದೇ ಪದಕ್ಕೆ ಒಮ್ಮೆ ಮಹಾಪ್ರಾಣ, ಒಮ್ಮೆ ಅಲ್ಪಪ್ರಾಣ ಕಂಡರೆ ಆಶ್ಚರ್ಯಪಡಬೇಕಿಲ್ಲ.

ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯವೂ ಬೇಡ, ಸಾಫ್ಟ್‌ವೇರ್ ಹಿಡಿದುಕೊಡುತ್ತದೆ ಎಂಬ ಭರವಸೆಯೂ ಬೇಡ. ಯಂತ್ರ ಬರೆದದ್ದನ್ನು ಗುರುತಿಸಲು ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತಾನೇ ತಂದ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಇಂಗ್ಲಿಷಿನಲ್ಲೇ ಈ ಸ್ಥಿತಿ. ಕನ್ನಡದ ಪ್ರಬಂಧವನ್ನು ಅಂಥ ತಾಣಕ್ಕೆ ಹಾಕಿ ಬಂದ ಶೇಕಡಾವಾರು ನೋಡಿ ಮಗುವಿನ ಮೇಲೆ ಆರೋಪ ಹೊರಿಸುವುದು ಅನ್ಯಾಯ. ಮೇಷ್ಟ್ರಿಗೆ ಇದಕ್ಕಿಂತ ಗಟ್ಟಿಯಾದ ದಾರಿ ಇದೆ. ಪ್ರಬಂಧದಿಂದ ಒಂದು ವಾಕ್ಯ ಓದಿ, ‘ಇದಕ್ಕೆ ನಮ್ಮೂರಿನ ಒಂದು ಉದಾಹರಣೆ ಹೇಳಪ್ಪ’ ಎಂದು ಕೇಳಿದರೆ ಸಾಕು. ಬರೆದವರು ಎರಡು ಮಾತಾದರೂ ಹೇಳುತ್ತಾರೆ.

ಕಾಲೇಜು ಮಟ್ಟದಲ್ಲಿ ನಾಲ್ಕನೆಯ ದಾರಿಯೂ ಇದೆ: ದುಡ್ಡು ತೆಗೆದುಕೊಂಡು ಅಸೈನ್‌ಮೆಂಟ್ ಬರೆದುಕೊಡುವವರು. ಹೊರದೇಶಕ್ಕೆ ಓದಲು ಹೋಗಿರುವ ನಮ್ಮ ಮಕ್ಕಳು ಇದರಿಂದ ದೂರವಿರಲೇಬೇಕು. ಇಂಥ ಸೇವೆ ಮಾರುವುದನ್ನು ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಕಾನೂನಿನ ಮೂಲಕ ಅಪರಾಧ ಎಂದು ಸಾರಿವೆ. ಕೊಂಡ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ಶಿಸ್ತುಕ್ರಮ ಬೇರೆ. ಬರೆದುಕೊಟ್ಟವರೇ ಆಮೇಲೆ ‘ಕಾಲೇಜಿಗೆ ತಿಳಿಸುತ್ತೇವೆ’ ಎಂದು ಬೆದರಿಸಿ ಹಣ ಕೀಳುವ ದಂಧೆಯ ಬಗ್ಗೆ ಆಸ್ಟ್ರೇಲಿಯಾದ ಉನ್ನತ ಶಿಕ್ಷಣ ನಿಯಂತ್ರಕ ಸಂಸ್ಥೆ ಎಚ್ಚರಿಸಿದೆ.

ಹಾಗಾದರೆ ಚಾಟ್‌ಬಾಟನ್ನು ಹೇಗೆ ಬಳಸಬೇಕು? ಫೋನ್ ಮುಟ್ಟುವ ಮುಂಚೆ ಹತ್ತು ನಿಮಿಷ ಹಾಳೆಯ ಮೇಲೆ ಆರೇಳು ಅಂಶ ಬರೆದುಕೊಳ್ಳಬೇಕು, ವಾಕ್ಯ ಬೇಡ, ಪದಗಳು ಸಾಕು. ಆಮೇಲೆ ಹೀಗೆ ಟೈಪ್ ಮಾಡಿ: ‘ನಾನು ಹತ್ತನೇ ತರಗತಿ. ಗ್ರಂಥಾಲಯಗಳ ಮಹತ್ವದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ನೀನು ಬರೆದುಕೊಡಬೇಡ. ನನ್ನ ಊರಿನ ಬಗ್ಗೆ ಒಂದೊಂದಾಗಿ ಐದು ಪ್ರಶ್ನೆ ಕೇಳು.’ ‘ಒಂದೊಂದಾಗಿ’ ಎಂಬುದನ್ನು ಬಿಟ್ಟರೆ ಐದನ್ನೂ ಒಟ್ಟಿಗೆ ಸುರಿಯುತ್ತದೆ, ಮಕ್ಕಳು ಮೊದಲನೆಯದಕ್ಕೆ ಉತ್ತರಿಸಿ ಉಳಿದದ್ದು ಬಿಡುತ್ತಾರೆ. ಪ್ರಶ್ನೆ ಕೇಳುವ ಕೆಲಸದಲ್ಲಿ ಯಂತ್ರ ಚೆನ್ನಾಗಿದೆ, ಏಕೆಂದರೆ ಉತ್ತರ ಮಗುವಿನ ಹತ್ತಿರವೇ ಇದೆ, ಯಂತ್ರ ಊಹಿಸಬೇಕಾದ್ದು ಏನೂ ಇಲ್ಲ.

ಆ ಉತ್ತರಗಳಿಗೆ ಸಾಮಗ್ರಿ ಮನೆಯಲ್ಲೇ ಸಿಗುತ್ತದೆ. ಮನೆಯ ಆಸ್ತಿ ತೆರಿಗೆ ರಶೀದಿ ತೆಗೆದು ನೋಡಿ, ಅದರಲ್ಲಿ ‘ಗ್ರಂಥಾಲಯ ಕರ’ ಎಂಬ ಸಾಲಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಫಲ ಅದು. ನಮ್ಮ ಮನೆಯಿಂದಲೂ ಗ್ರಂಥಾಲಯಕ್ಕೆ ದುಡ್ಡು ಹೋಗುತ್ತಿದೆ ಎಂದು ಶುರುವಾಗುವ ಪೀಠಿಕೆ ಯಾವ ಗೈಡಿನಲ್ಲೂ ಸಿಗುವುದು ಕಷ್ಟ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಿ ಯಾವ ಪತ್ರಿಕೆ ಬರುತ್ತದೆ, ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂದು ಬರೆದುಕೊಂಡರೆ ಎರಡನೇ ಪ್ಯಾರಾ ಮುಗಿಯಿತು. ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಮೂರನೆಯದಕ್ಕೆ ಇದು ಸಾಕು.

ಕೈಯಲ್ಲಿ ಬರೆದಾದ ಮೇಲೆ ಪುಟದ ಫೋಟೋ ತೆಗೆದು ಚಾಟ್‌ಬಾಟಿಗೆ ಹಾಕಿ, ‘ಕಾಗುಣಿತ ತಪ್ಪಿರಬಹುದಾದ ಪದಗಳನ್ನು ಮಾತ್ರ ಪಟ್ಟಿ ಮಾಡು, ವಾಕ್ಯ ತಿದ್ದಬೇಡ’ ಎಂದು ಕೇಳಬಹುದು. ಹೀಗೆ ತಡೆಯದಿದ್ದರೆ ಪ್ರಬಂಧವನ್ನೇ ತನ್ನ ಧಾಟಿಗೆ ತಿರುಗಿಸಿ ಬರೆದಿಡುತ್ತದೆ. ಬಂದ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಕೈಬರಹದಲ್ಲಿ ಪ-ಷ, ಥ-ಧ ಒಂದೇ ಥರ ಕಾಣುವುದರಿಂದ ಸರಿಯಿರುವುದನ್ನೂ ತಪ್ಪು ಎನ್ನಬಹುದು. ಒಂದೊಂದು ಪದವನ್ನೂ ‘ಅಲರ್’ ಆನ್‌ಲೈನ್ ನಿಘಂಟಿನಲ್ಲಿ ನೋಡಿ ತಿದ್ದಿಕೊಳ್ಳಬೇಕು. ಚಾಟ್‌ಜಿಪಿಟಿಯ ನಿಯಮದಂತೆ 13 ವರ್ಷ ತುಂಬಿರಬೇಕು, 18ರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ಹಾಗಾಗಿ ಈ ಕೆಲಸ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತಿರುವಾಗ ಆಗಲಿ.

ಮೇಷ್ಟ್ರುಗಳಿಗೆ ಒಂದು ಸಲಹೆ. ‘ಗ್ರಂಥಾಲಯಗಳ ಮಹತ್ವ’ ಎಂದು ಕೊಡುವ ಬದಲು ‘ನಮ್ಮೂರ ಗ್ರಂಥಾಲಯಕ್ಕೆ ಏನು ಬೇಕು?’ ಎಂದು ಕೊಡಿ, ಅಂಶ ಬರೆದ ಹಾಳೆಯನ್ನೂ ಪ್ರಬಂಧದ ಜೊತೆ ಪಿನ್ ಮಾಡಿ ತರಲು ಹೇಳಿ, ಹತ್ತರಲ್ಲಿ ಮೂರು ಅಂಕ ಆ ಹಾಳೆಗೇ ಇಡಿ.