ಶೋಕಿಗೆ ಮರುಳಾಗಿ 28,000 ಯೆನ್ ಕಳೆದುಕೊಂಡೆ

ಜಪಾನಿಗೆ ಬರುವವರಲ್ಲಿ ಹಳೇ ಸಾಮಾನಿನ ಹುಚ್ಚಿರುವವರು ಇದನ್ನೊಮ್ಮೆ ಓದಿ.

ಇದು ನಮ್ಮ ಶೋಕಿ ಅಲ್ಲ. ದೆವ್ವಗಳನ್ನು ಬೇಟೆಯಾಡುವ ಗಡ್ಡದವನ ಹೆಸರು ಶೋಕಿ. ಕತೆ ಮೂಲದಲ್ಲಿ ಚೀನಾದ್ದು. ಕುರೂಪಿ ಎಂದು ಅರಮನೆಯವರು ತಳ್ಳಿದ್ದಕ್ಕೆ ಅಲ್ಲೇ ಪ್ರಾಣ ಬಿಟ್ಟನಂತೆ. ಆಮೇಲೆ ಕಾಯಿಲೆ ಬಿದ್ದ ಚಕ್ರವರ್ತಿಯ ಕನಸಿಗೆ ಬಂದು ದೆವ್ವವನ್ನು ಹಿಡಿದು ಕೊಂದನಂತೆ.

ಕ್ಯೋಟೋದ ಒಂದು ಸಂತೆಯಲ್ಲಿ ಅವನಿದ್ದ ತ್ಸುಬಾ ಕಂಡಿತು. ತ್ಸುಬಾ ಅಂದರೆ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ, ಅಂಗೈಯಗಲದ ಲೋಹದ ಬಿಲ್ಲೆ. ಮುಂದೆ ಶೋಕಿ ಕಣ್ಣು ಕೆಕ್ಕರಿಸಿ ಹುಡುಕುತ್ತಿದ್ದಾನೆ. ತಿರುಗಿಸಿದರೆ ಹಿಂದೆ ಪುಟ್ಟ ದೆವ್ವ ಮುದುಡಿ ಕೂತಿದೆ! ನನಗೆ ಅಷ್ಟೇ ಸಾಕಾಯಿತು.

ಮರದ ಪೆಟ್ಟಿಗೆ, ಮುಚ್ಚಳದ ಮೇಲೆ ಕುಂಚದ ಬರಹ. ಓದಲು ಬರದಿದ್ದರೂ ನಂಬಿದೆ. 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ಸರ್ಕಾರ ನಿಷೇಧಿಸಿತು, ಕತ್ತಿಯ ಅಲಂಕಾರಗಳಿಗೆ ಕೆಲಸ ಇಲ್ಲದಾಯಿತು ಎಂದ ವ್ಯಾಪಾರಿ. ಮಾತೇನೋ ನಿಜ. ಮಾಲು ಸುಳ್ಳು.

ಶಕುಡೋ ಎಂದು ಮಾರಿದ್ದ. ತಾಮ್ರಕ್ಕೆ ಚೂರು ಚಿನ್ನ ಬೆರೆಸಿದ ಲೋಹ ಅದು. ಮ್ಯಾಗ್ನೆಟ್ ಹಿಡಿಯಲ್ಲ ಎಂದು ಓದಿದ್ದೆ, ಸಂತೆಯಲ್ಲೇ ಹಿಡಿದೂ ನೋಡಿದ್ದೆ. ಹಿಡಿಯಲಿಲ್ಲ. ಹಿತ್ತಾಳೆಗೂ ಹಿಡಿಯಲ್ಲ ಅಲ್ವಾ! ಮನೆಗೆ ಬಂದು ಸುಮ್ನೆ ಒಣ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಗೆ ಕಪ್ಪು ಹತ್ತಿತು. ನಿಜವಾದ ಶಕುಡೋದ ನೇರಳೆಗಪ್ಪು ಲೋಹದ ಮೈಯಲ್ಲೇ ಮೂಡಿಸಿದ್ದು, ಮೇಲೆ ಬಳಿದದ್ದಲ್ಲ.

ಸಹೋದ್ಯೋಗಿಯ ತಂದೆ ಇವನ್ನು ಕೂಡಿಡುವವರು. ಭೂತಗನ್ನಡಿ ಹಿಡಿದು, ನಡುವಿನ ತೂತಿನ ಒಳಗೋಡೆ ತೋರಿಸಿದರು. ಅಲ್ಲಿ ಕೂದಲೆಳೆಯಂಥ ಗೆರೆ. ಎರಡು ಅಚ್ಚು ಕೂಡಿದ ಜಾಗ ಅದು, ಎರಕ ಹೊಯ್ದ ಮಾಲು. ಪಕ್ಕಕ್ಕೆ ತಮ್ಮದನ್ನು ಇಟ್ಟರು. ಅವರ ಶೋಕಿಯ ಗಡ್ಡದಲ್ಲಿ ಒಂದೊಂದು ಕೂದಲನ್ನೂ ಉಳಿಯಲ್ಲಿ ಬಿಡಿಸಿದ್ದರು. ನನ್ನವನ ಗಡ್ಡ ರಾಗಿಮುದ್ದೆ. ದೆವ್ವದ ಕೊಂಬು ಬಿಸಿಲಿಗಿಟ್ಟ ಬೆಣ್ಣೆ. ತಗ್ಗುಗಳಲ್ಲಿ ಗಾಳಿಗುಳ್ಳೆ ಒಡೆದ ಸಣ್ಣ ಸಣ್ಣ ಗುಳಿ. ಅವರು ಬೈಯಲಿಲ್ಲ, ಟೀ ಕೊಟ್ಟರು. ಅದೇ ಜಾಸ್ತಿ ನಾಚಿಕೆಯಾಯಿತು.

ಕೊಳ್ಳುವುದೇ ಆದರೆ ಎನ್‌ಬಿಟಿಎಚ್‌ಕೆ ಎಂಬ, ಜಪಾನಿನ ಕಲಾತ್ಮಕ ಕತ್ತಿಗಳ ಸಂರಕ್ಷಣೆಗೆ ಇರುವ ಸಂಸ್ಥೆ ಪರೀಕ್ಷಿಸಿ ಕೊಟ್ಟ ಕಾಗದ ಕೇಳಿ. ಅದರಲ್ಲಿ ಆ ವಸ್ತುವಿನದೇ ಫೋಟೋ ಇರುತ್ತದೆ, ಪಕ್ಕದಲ್ಲಿಟ್ಟು ತಾಳೆ ನೋಡಿ. ಪೆಟ್ಟಿಗೆ ಯಾವುದಕ್ಕೂ ಸಾಕ್ಷಿಯಲ್ಲ, ಖಾಲಿ ಪೆಟ್ಟಿಗೆಗಳೂ ಮಾರಾಟಕ್ಕೆ ಸಿಗುತ್ತವೆ. ಅನುಮಾನ ಬಂದರೆ ದೀಪ ಬೆಳಗಿದ ಹಾಗೆ ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ. ಅಕಸ್ಮಾತ್ ಅದು ಅಸಲಿ ಆಗಿದ್ದರೆ ಬಣ್ಣವೂ ಹೋಯಿತು, ಬೆಲೆಯೂ ಹೋಯಿತು.

ಮುಂದಿನ ತಿಂಗಳು ಅದೇ ಸಂತೆಗೆ ಹೋದೆ. ಆ ಜಾಗದಲ್ಲಿ ಹಳೇ ಕಿಮೋನೋ ಮಾರುವ ಅಜ್ಜಿ ಕೂತಿದ್ದರು.