ಜಿಪ್ಸಿಗೆ ಹಾಕಿಸಿದ ಬಳಸಿದ ಎಂಜಿನ್: 44,000 ಕಿಲೋಮೀಟರ್ ಓಡಿಸಿದ ಮೇಲೆ

ಹುಬ್ಬಳ್ಳಿಯ ಮನೆಯಿಂದ ಅಣ್ಣಿಗೇರಿ ಬಳಿಯ ಹೊಲಕ್ಕೆ ವಾರದಲ್ಲಿ ನಾಲ್ಕು ದಿನ ನಮ್ಮನ್ನು ಒಯ್ಯುವುದು ಮಾರುತಿ ಜಿಪ್ಸಿ. ಮಳೆ ಬಿದ್ದ ಎರೆಮಣ್ಣಿನ ದಾರಿಯಲ್ಲಿ ಅದಕ್ಕಿಂತ ನಂಬಿಕೆಯ ಗಾಡಿಯನ್ನು ನಾನು ಕಂಡಿಲ್ಲ. 2021ರ ಬೇಸಿಗೆಯಲ್ಲಿ ರೇಡಿಯೇಟರ್ ಸೋರಿ, ಎಂಜಿನ್ ಅತಿಯಾಗಿ ಕಾದು ಬ್ಲಾಕ್ ಬಿರುಕು ಬಿಟ್ಟಾಗಲೂ ಮಾರುವ ಮನಸ್ಸಾಗಲಿಲ್ಲ. ಗುಜರಿಗೆ ಹೋದ ಇನ್ನೊಂದು ಜಿಪ್ಸಿಯ ಅದೇ 1298 ಸಿಸಿ, ಹದಿನಾರು ವಾಲ್ವಿನ ಎಂಜಿನ್ನನ್ನು 38,000 ರೂಪಾಯಿಗೆ ಕೊಂಡೆ. ಆರ್‌ಟಿಒ ಅನುಮತಿ ಪಡೆದು, ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆಯನ್ನೂ ಬರೆಸಿದೆ.

ಮೊದಲ ಗ್ಯಾರೇಜಿನವರು ಎಂಜಿನ್ನಿನ ತಳದ ಎಣ್ಣೆ ತೊಟ್ಟಿ, ಅಂದರೆ ಸಂಪ್ ಬಿಚ್ಚಿ ನೋಡಲಿಲ್ಲ. ಹೊರಗೆ ಇಟ್ಟು ಸ್ಟಾರ್ಟ್ ಮಾಡಿ, ಶಬ್ದ ಕೇಳಿ, ಚೆನ್ನಾಗಿದೆ ಎಂದು ಕೂರಿಸಿದರು. ಬಿಚ್ಚಿಸಿ ನೋಡಿ ಎಂದು ನಾನೂ ಹಟ ಹಿಡಿಯಲಿಲ್ಲ. ಆ ಒಂದು ದಿನದ ಕೆಲಸ ಉಳಿಸಿದ್ದಕ್ಕೆ ಮುಂದೆ ಹಲವು ವಾರ ಗಾಡಿ ನಿಂತಿತು.

ಸಾವಿರ ಕಿಲೋಮೀಟರಿನೊಳಗೆ ಕ್ಲಚ್ ತಕರಾರು ಶುರುವಾಯಿತು. ಎಂಜಿನ್ ಬಿಸಿಯಾದ ಮೇಲೆ ಮೊದಲ ಗೇರ್ ಬೀಳುತ್ತಿರಲಿಲ್ಲ, ರಿವರ್ಸ್ ಹಾಕಿದರೆ ಕರಕರ ಎನ್ನುತ್ತಿತ್ತು. ಗ್ಯಾರೇಜಿಗೆ ಹೋದಾಗಲೆಲ್ಲ ಕ್ಲಚ್ ಕೇಬಲ್ಲನ್ನು ಇನ್ನಷ್ಟು ಬಿಗಿ ಮಾಡಿ ಕಳಿಸಿದರು. ನಾಲ್ಕು ದಿನ ಸರಿಯಾಗಿ, ಮತ್ತೆ ಅದೇ ಕಥೆ. ಒಂದು ಭಾನುವಾರ ಅಂಕೋಲಾದಿಂದ ಮರಳುವಾಗ ಅರಬೈಲು ಘಟ್ಟದಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಏರುತ್ತಿರಲಿಲ್ಲ. ಸುಟ್ಟ ಕ್ಲಚ್ಚಿನ ವಾಸನೆ. ಯಲ್ಲಾಪುರದಲ್ಲಿ ನಿಲ್ಲಿಸಿದಾಗ ಆಯಿಲ್ ದೀಪ ಮಿಣುಕುತ್ತಿತ್ತು. ಕೆಳಗಿನಿಂದ ದಪ್ಪನೆಯ ಟಕಟಕ ಸದ್ದು. ಆಗ ಹೊಸ ಎಂಜಿನ್ ಓಡಿದ್ದು 2,800 ಕಿಲೋಮೀಟರ್.

ಗೋಕುಲ ರಸ್ತೆಯ ಹಿರಿಯ ಮಿಸ್ತ್ರಿಯೊಬ್ಬರ ಬಳಿ ಗಾಡಿಯನ್ನು ಎಳೆಸಿಕೊಂಡು ಹೋದೆ. ಅವರು ಸ್ಪ್ಯಾನರ್ ಮುಟ್ಟುವ ಮೊದಲೇ, "ಎಂಜಿನ್ ಬಂದ್ ಇರಲಿ, ಒಳಗೆ ಕೂತು ಕ್ಲಚ್ ಒತ್ತಿ ಬಿಡಿ ಸರ್" ಎಂದರು. ಬಾನೆಟ್ ಎತ್ತಿ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿಯ ಪುಲ್ಲಿಯ ಮೇಲೆ ಟಾರ್ಚ್ ಹಿಡಿದು ನೋಡಿದರು. ನಂತರ ಮಗನನ್ನು ಒಳಗೆ ಕೂರಿಸಿ ನನಗೂ ತೋರಿಸಿದರು. ಪೆಡಲ್ ಒತ್ತಿದಾಗಲೆಲ್ಲ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ಸರಿಯುತ್ತಿತ್ತು.

ಅಲ್ಲಿಗೆ ಕ್ಲಚ್ಚಿನದು ಬೇರೆ, ಎಂಜಿನ್ನಿನದು ಬೇರೆ ಎಂದು ನನ್ನ ತಲೆಯಲ್ಲಿದ್ದ ಎರಡು ರೋಗಗಳು ಒಂದೇ ಆದವು. ಕ್ಲಚ್ ಒತ್ತಿದಾಗ ರಿಲೀಸ್ ಬೇರಿಂಗ್, ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟನ್ನು ತಳ್ಳುತ್ತದೆ. ಆ ತಳ್ಳಾಟ ಕ್ರ್ಯಾಂಕ್‌ಶಾಫ್ಟನ್ನೂ ಮುಂದಕ್ಕೆ ನೂಕುತ್ತದೆ. ಅದನ್ನು ತಡೆಯುವುದು, ಕ್ರ್ಯಾಂಕನ್ನು ಹೊತ್ತು ತಿರುಗಿಸುವ ಮೇನ್ ಬೇರಿಂಗ್‌ಗಳಲ್ಲಿ ನಡುವಿನದರ ಬಳಿ ಕೂರುವ ಎರಡು ತೆಳ್ಳನೆಯ ಥ್ರಸ್ಟ್ ವಾಷರ್‌ಗಳು. ಅವು ಸವೆದರೆ ಪೆಡಲಿನ ಓಟದ ಒಂದು ಪಾಲು ಕ್ರ್ಯಾಂಕನ್ನು ಸರಿಸುವುದರಲ್ಲೇ ಕಳೆದು, ಕ್ಲಚ್ ಪೂರ್ತಿ ಬಿಡುವುದಿಲ್ಲ. ಅದಕ್ಕೆಂದು ಕೇಬಲ್ ಬಿಗಿದರೆ ಕಾಲು ಇಡದಿದ್ದಾಗಲೂ ಒತ್ತಡ ಉಳಿದು ವಾಷರ್ ಇನ್ನಷ್ಟು ಸವೆಯುತ್ತದೆ, ಕ್ಲಚ್ ಜಾರುತ್ತದೆ.

ಎಂಜಿನ್ ಇಳಿಸಿ ಬಿಚ್ಚಿದಾಗ ಒಂದು ವಾಷರ್ ತಿರುವುಮುರುವಾಗಿತ್ತು. ಎಣ್ಣೆಯ ಗೀರುಗಳು ಕ್ರ್ಯಾಂಕಿನ ಕಡೆ ಇರಬೇಕಿತ್ತು, ಬ್ಲಾಕಿನ ಕಡೆ ಇದ್ದವು. ಎಂದರೆ ಹಿಂದೆ ಯಾರೋ ಇದನ್ನು ಬಿಚ್ಚಿ ಕಟ್ಟಿದ್ದರು. ಐದು ಮೇನ್ ಬೇರಿಂಗ್‌ಗಳ ಪೈಕಿ ಮೂರರಲ್ಲಿ ಒಳಗಿನ ತಾಮ್ರ ಕಾಣುತ್ತಿತ್ತು. ಹಿಂಬದಿಯ ಆಯಿಲ್ ಸೀಲ್ ಸೋರಿ ಕ್ಲಚ್ ಪ್ಲೇಟ್ ಎಣ್ಣೆ ಕುಡಿದಿತ್ತು.

ಇಲ್ಲಿಂದ ಮುಂದಿನ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕ್ರ್ಯಾಂಕನ್ನು ಅಳೆದು, 0.25 ಮಿಲಿಮೀಟರ್ ಅಂಡರ್‌ಸೈಜಿಗೆ, ಅಂದರೆ ಅಷ್ಟು ತೆಳ್ಳಗಾಗುವಂತೆ ಗ್ರೈಂಡ್ ಮಾಡಿಸಿ, ಅದೇ ಅಳತೆಯ ಬೇರಿಂಗ್ ತರಿಸಿದರು. ಗ್ರೈಂಡಿಂಗ್ ಆದ ಮೇಲೆ ಕ್ರ್ಯಾಂಕಿನ ಎಣ್ಣೆಯ ರಂಧ್ರಗಳನ್ನು ಬ್ರಷ್ ಹಾಕಿ ತೊಳೆದು, ಗಾಳಿ ಊದಿ, ಬಿಳಿ ಬಟ್ಟೆಯಲ್ಲಿ ಒರೆಸಿ ನನಗೆ ತೋರಿಸಿದರು. ಅಲ್ಲಿ ಉಳಿದ ಲೋಹದ ಪುಡಿ ಹೊಸ ಬೇರಿಂಗನ್ನು ಮೊದಲ ದಿನವೇ ತಿನ್ನುತ್ತದೆ. ಪ್ರತಿ ಬೇರಿಂಗಿನಲ್ಲೂ ಪ್ಲಾಸ್ಟಿಕ್ ಎಳೆ ಇಟ್ಟು, ಕ್ಯಾಪ್ ಬಿಗಿದು, ಬಿಚ್ಚಿ, ಎಳೆ ಎಷ್ಟು ಚಪ್ಪಟೆಯಾಗಿದೆ ಎಂಬುದರ ಮೇಲೆ ಸಂದು ಅಳೆದರು. ಆಯಿಲ್ ಪಂಪ್, ಸೀಲ್, ಕ್ಲಚ್ ಸೆಟ್, ಪೈಲಟ್ ಬೇರಿಂಗ್ ಎಲ್ಲವೂ ಹೊಸದು. ಕೂಲಿ ಸೇರಿ 31,000 ರೂಪಾಯಿ.

ಒಂದು ಕೊರತೆ ಹೇಳಲೇಬೇಕು. ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಚಕ್ರವಾದ ಫ್ಲೈವೀಲಿನ ಮೇಲೆ ಘಟ್ಟದಲ್ಲಿ ಕಾದು ಬಿದ್ದ ನೀಲಿ ಕಲೆಗಳಿದ್ದವು. ಅದನ್ನು ಲೇಥಿಗೆ ಕಳಿಸದೆ ಎಮರಿ ಕಾಗದ ಉಜ್ಜಿ ಕೂರಿಸಿದ್ದರು. ಎಂಟು ಸಾವಿರ ಕಿಲೋಮೀಟರಿಗೆ ಗಾಡಿ ಎತ್ತುವಾಗ ಗಡಗಡ ನಡುಗತೊಡಗಿತು. ಮತ್ತೆ ಗೇರ್‌ಬಾಕ್ಸ್ ಇಳಿಸಿ ಫ್ಲೈವೀಲಿನ ಮುಖವನ್ನು ಸಮ ಮಾಡಿಸಬೇಕಾಯಿತು. ಮಿಸ್ತ್ರಿ ಕೂಲಿ ಕೇಳಲಿಲ್ಲ. ಆದರೆ ಬಿತ್ತನೆಯ ವಾರದಲ್ಲಿ ಮೂರು ದಿನ ಗಾಡಿ ಇರಲಿಲ್ಲ.

ಎಂಜಿನ್ ಬಿಚ್ಚಿ ಕಟ್ಟಿದ ಆ ರಿಪೇರಿಯ ನಂತರ 41,000 ಕಿಲೋಮೀಟರ್ ಆಗಿದೆ. ಐದು ಸಾವಿರಕ್ಕೊಮ್ಮೆ ಎಣ್ಣೆ ಬದಲಿಸುತ್ತೇನೆ, ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗೆ ಹೊಳೆಯುವ ಚೂರುಗಳಿವೆಯೇ ಎಂದು ನೋಡುತ್ತೇನೆ. ಕ್ಲಚ್ ಪೆಡಲಿನ ಮೊದಲ ಸಡಿಲ ಆಟವನ್ನು ತಿಂಗಳಿಗೊಮ್ಮೆ ಬೆರಳಲ್ಲಿ ಒತ್ತಿ ಪರೀಕ್ಷಿಸುತ್ತೇನೆ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ತಂದು ಕಾಲು ತೆಗೆಯುತ್ತೇನೆ. ಕಳೆದ ತಿಂಗಳು ನಾಲ್ಕು ಚೀಲ ಒಣಮೆಣಸಿನಕಾಯಿ ಹೇರಿಕೊಂಡು ಹೊಲದ ಏರು ಹತ್ತಿದಾಗ ಕ್ಲಚ್ ಎಲ್ಲಿಯೂ ಜಾರಲಿಲ್ಲ. ಮನೆಗೆ ಬಂದು ಮಗನಿಂದ ಪೆಡಲ್ ಒತ್ತಿಸಿ ನೋಡಿದೆ, ಪುಲ್ಲಿ ಅಲುಗಲಿಲ್ಲ.